ವೇಷ ಎರಡು, ಹಿಮ್ಮೇಳ ಒಂಬತ್ತು

ಒಬ್ಬರು: ರೋಟಾವೈರಸ್ ತಳಿಗಳ ವರದಿ ಓದಿದಾಗಲೆಲ್ಲ ನನಗೊಂದು ಅನುಮಾನ ಕಾಡುತ್ತದೆ. ಕೂಸುಗಳಿಗೆ ವಾಂತಿಭೇದಿ ತರಿಸಿ, ಮೈಯ ನೀರೆಲ್ಲ ಹಿಂಡಿ ಆಸ್ಪತ್ರೆ ಸೇರಿಸುವ ಈ ವೈರಸ್ಸಿಗೆ ಲಸಿಕೆ ಬಂತು, ಸಂತೋಷ. ಆದರೆ ಒಂದು ಕಾಲಕ್ಕೆ ಒಂದು ತಳಿ ಮೇಲುಗೈ, ಇನ್ನೊಂದು ಕಾಲಕ್ಕೆ ಇನ್ನೊಂದರದು. ನಮ್ಮ ದೇಶದಲ್ಲಿ 2005ರಿಂದ 2009ರವರೆಗೆ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ ಜಿ2ಪಿ[4] ಮುಂದಿತ್ತು. ಆಮೇಲೆ ಜಿ1ಪಿ[8] ಮೇಲೆ ಬಂತು. ಲಸಿಕೆ ಊರೂರು ತಲುಪುವ ಹೊತ್ತಿಗೆ ಜಿ3ಪಿ[8]. ನಾವು ಬೀಗ ಹಾಕುವಷ್ಟರಲ್ಲಿ ಕಳ್ಳ ಬೇರೆ ಕೀಲಿಕೈ ಮಾಡಿಸಿಕೊಂಡಂತಾಯಿತಲ್ಲ. ನಮ್ಮಲ್ಲಿ ಲಸಿಕೆಯ ರಕ್ಷಣೆ ನೂರಕ್ಕೆ ಐವತ್ತು ಚಿಲ್ಲರೆಯಲ್ಲಿ ನಿಂತಿರುವುದಕ್ಕೆ ವೈರಸ್ಸು ಹೀಗೆ ರೂಪ ಬದಲಿಸುವುದೇ ಕಾರಣ ಎಂದರೆ ತಪ್ಪೇನು?

ಇನ್ನೊಬ್ಬರು: ರೂಪ ಬದಲಿಸುತ್ತದೆ ಎಂಬುದು ನಿಜ, ಅದರಿಂದಲೇ ಲಸಿಕೆ ಸೋಲುತ್ತಿದೆ ಎಂಬುದು ನಿಜವಲ್ಲ. ಈ ಎರಡನ್ನೂ ಒಂದೇ ಮಾತಾಗಿ ಕಟ್ಟಿಬಿಟ್ಟರೆ ತೊಡಕು. ಮೊದಲು ಆ ಹೆಸರನ್ನೇ ಬಿಡಿಸಿ ನೋಡೋಣ. ರೋಟಾವೈರಸ್ಸಿನ ವಂಶದ ಬರಹ ಒಂದೇ ಉದ್ದ ದಾರವಲ್ಲ, ಹನ್ನೊಂದು ತುಂಡು. ಪ್ರತಿಯೊಂದೂ ಎರಡೆಳೆಯ ಆರ್‌ಎನ್‌ಎ. ಎಲ್ಲ ಸೇರಿ ಸುಮಾರು 18,500 ಅಕ್ಷರ. ಅದರಲ್ಲಿ ಒಂದು ತುಂಡು ವಿಪಿ7 ಎಂಬ ಹೊರಮೈ ಪ್ರೋಟೀನನ್ನು ಕಟ್ಟುತ್ತದೆ, ಅದರ ಬಗೆಯನ್ನು ಸೂಚಿಸುವುದು ‘ಜಿ’. ಇನ್ನೊಂದು ತುಂಡು ಹೊರಗೆ ಮುಳ್ಳಿನಂತೆ ಚಾಚಿರುವ ವಿಪಿ4 ಅನ್ನು ಕಟ್ಟುತ್ತದೆ, ಅದರ ಬಗೆ ‘ಪಿ’. ನಿಮ್ಮ ಜಿ1ಪಿ[8] ಎಂಬ ಹೆಸರಿನಲ್ಲಿ ಇರುವುದು ಈ ಎರಡು ತುಂಡುಗಳ ಸುದ್ದಿ ಮಾತ್ರ. ಉಳಿದ ಒಂಬತ್ತರ ಬಗ್ಗೆ ಹೆಸರು ತುಟಿ ಬಿಚ್ಚುವುದಿಲ್ಲ. ಯಕ್ಷಗಾನದಲ್ಲಿ ರಂಗಸ್ಥಳಕ್ಕೆ ಬರುವ ವೇಷಗಳನ್ನು ಮಾತ್ರ ನೋಡಿ, ಭಾಗವತರು ಯಾರು, ಮದ್ದಲೆ ಯಾರದು, ಚೆಂಡೆ ಯಾವ ತಿಟ್ಟಿನದು ಎಂದು ಕೇಳದೆ ಇದು ಇಂಥದೇ ಮೇಳ ಎಂದು ತೀರ್ಮಾನಿಸಿದ ಹಾಗೆ. ಮನುಷ್ಯರಲ್ಲಿ ಓಡಾಡುವ ರೋಟಾವೈರಸ್ಸುಗಳಿಗೂ ತೆಂಕು, ಬಡಗು ಎಂಬಂತೆ ಎರಡು ದೊಡ್ಡ ಹಿಮ್ಮೇಳಗಳಿವೆ. ‘ಡಬ್ಲ್ಯುಎ’ ಬಗೆಯದು ಒಂದು. ಅದರ ನೆಂಟಸ್ತಿಕೆ ಹಂದಿಗಳ ರೋಟಾವೈರಸ್ಸಿನೊಂದಿಗೆ. ‘ಡಿಎಸ್-1’ ಬಗೆಯದು ಇನ್ನೊಂದು. ಅದರ ಬಳಗ ದನಗಳಲ್ಲಿದೆ. ಬೆಕ್ಕು ನಾಯಿಗಳ ಕಡೆಯ ಮೂರನೆಯದೊಂದಿದೆ, ಅದು ಅಪರೂಪ. ಹನ್ನೊಂದೂ ತುಂಡುಗಳನ್ನು ನೋಡಿ ಹೆಸರಿಡುವ ಪದ್ಧತಿ ಬಂದದ್ದು 2008ರಲ್ಲಿ. ವೈರಸ್ಸು ಪತ್ತೆಯಾದದ್ದು 1973ರಲ್ಲಿ, ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರಿಂದ. ಅಂದರೆ ಮೂವತ್ತೈದು ವರ್ಷ ವೇಷ ನೋಡಿಯೇ ಮೇಳದ ಹೆಸರು ಹೇಳುತ್ತಿದ್ದೆವು.

ಒಬ್ಬರು: ನಿಮ್ಮ ಯಕ್ಷಗಾನ ಚೆನ್ನಾಗಿದೆ, ಒಪ್ಪಿದೆ. ಆದರೆ ಮೈಯ ರೋಗನಿರೋಧಕ ಶಕ್ತಿಗೆ ಎದುರಾಗುವುದು ಆ ವೇಷವೇ ಅಲ್ಲವೇ ಸ್ವಾಮಿ? ಪ್ರತಿಕಾಯಗಳು ಹೊರಮೈಯ ವಿಪಿ7, ವಿಪಿ4ಗಳನ್ನೇ ಹಿಡಿದು ವೈರಸ್ಸನ್ನು ಕಟ್ಟಿಹಾಕುತ್ತವೆ ಎಂದು ಪುಸ್ತಕಗಳೇ ಹೇಳುತ್ತವೆ. ಹಿಮ್ಮೇಳ ಯಾವುದಾದರೇನು, ರಕ್ಷಣೆಯ ಲೆಕ್ಕಕ್ಕೆ ಆ ಎರಡೇ ಸಾಕು. ಆ ಎರಡು ಬದಲಾದರೆ ಪ್ರತಿಕಾಯ ತಬ್ಬಿಬ್ಬಾಗಬೇಕು. ಫ್ಲೂ ಲಸಿಕೆಯನ್ನು ವರ್ಷವರ್ಷವೂ ಬದಲಿಸುವುದು ಅದಕ್ಕೇ ಅಲ್ಲವೇ?

ಇನ್ನೊಬ್ಬರು: ಕಾಗದದ ಮೇಲೆ ಈ ತರ್ಕಕ್ಕೆ ಎದುರಿಲ್ಲ. ಆದ್ದರಿಂದ ಕಾಗದ ಬಿಟ್ಟು ಮಕ್ಕಳನ್ನೇ ನೋಡಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಅಲ್ಲಿನ ಬಡ ಕೇರಿಗಳ 373 ಮಕ್ಕಳನ್ನು ಹುಟ್ಟಿದಂದಿನಿಂದ ಮೂರು ವರ್ಷ ತುಂಬುವವರೆಗೆ ಬಿಡದೆ ಹಿಂಬಾಲಿಸಿದರು. 2011ರಲ್ಲಿ ಫಲಿತಾಂಶ ಹೊರಬಂತು. ಅದರಲ್ಲಿ ಎರಡು ಮಾತು ಮುಖ್ಯ. ನಮ್ಮ ಮಕ್ಕಳಿಗೆ ಈ ಸೋಂಕು ಬೇಗ ತಗಲುತ್ತದೆ, ಮತ್ತೆ ಮತ್ತೆ ತಗಲುತ್ತದೆ. ಪ್ರತಿ ಸೋಂಕಿಗೂ ರಕ್ಷಣೆ ಏರುತ್ತ ಹೋಗುತ್ತದಾದರೂ ಮೂರು ಸೋಂಕಿನ ನಂತರವೂ ಜೋರಾದ ಭೇದಿಯ ವಿರುದ್ಧ ಸಿಕ್ಕ ರಕ್ಷಣೆ ನೂರಕ್ಕೆ 79 ಮಾತ್ರ. ಇದು ಒಂದು. ನಿಮ್ಮ ತರ್ಕಕ್ಕೆ ನೇರವಾಗಿ ತಾಗುವುದು ಇನ್ನೊಂದು: ಅಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಜಿ1ಪಿ[8] ತಳಿಯಿಂದ ಒಮ್ಮೆ ನರಳಿದ ಮಗುವಿಗೆ ಅದೇ ಜಿ1ಪಿ[8] ಮೇಲೆ ವಿಶೇಷ ರಕ್ಷಣೆ ಸಿಕ್ಕ ಕುರುಹು ಕಾಣಲಿಲ್ಲ. ವೇಷ ಗುರುತಿಟ್ಟುಕೊಂಡು ತಡೆಯುವುದೇ ಮೈಯ ಪದ್ಧತಿಯಾಗಿದ್ದರೆ ಕನಿಷ್ಠ ಅಲ್ಲಾದರೂ ಅದು ಎದ್ದು ಕಾಣಬೇಕಿತ್ತು. ಈಗ ಲಸಿಕೆಗೆ ಬನ್ನಿ. ರೋಟಾವ್ಯಾಕ್‌ನಲ್ಲಿರುವ 116ಇ ತಳಿಯ ಹೆಸರು ಜಿ9ಪಿ[11]. ಭೇದಿಯಾಗಿ ಆಸ್ಪತ್ರೆಗೆ ಬರುವ ದೊಡ್ಡ ಕೂಸುಗಳಲ್ಲಿ ಪಿ[11] ಸಿಗುವುದೇ ಅಪರೂಪ. ಹೊಂದಾಣಿಕೆಯೇ ಎಲ್ಲವಾಗಿದ್ದರೆ ಈ ಲಸಿಕೆ ಯಾವುದಕ್ಕೂ ಬಾರದೆ ಹೋಗಬೇಕಿತ್ತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಮಕ್ಕಳ ಮೇಲೆ ಪರೀಕ್ಷೆ ನಡೆದಾಗ ಮೊದಲ ವರ್ಷ ತೀವ್ರ ಭೇದಿಯ ವಿರುದ್ಧ ನೂರಕ್ಕೆ 56ರಷ್ಟು ರಕ್ಷಣೆ ಸಿಕ್ಕಿತು, ಅದೂ ಜಿ1ಪಿ[8], ಜಿ2ಪಿ[4], ಜಿ12 ಎಂದು ಹೆಸರಿನಲ್ಲಿ ತನಗೆ ಸಂಬಂಧವೇ ಇಲ್ಲದ ತಳಿಗಳ ಮೇಲೆ. ಫ್ಲೂ ಹೋಲಿಕೆ ಇಲ್ಲಿ ನಡೆಯುವುದಿಲ್ಲ. ರೋಟಾವೈರಸ್ಸಿನ ನಡುಪದರದ ವಿಪಿ6 ಪ್ರೋಟೀನು ತಳಿಯಿಂದ ತಳಿಗೆ ಅಷ್ಟಾಗಿ ಬದಲಾಗುವುದಿಲ್ಲ, ಮೈ ಅದನ್ನೂ ಗುರುತಿಸುತ್ತದೆ. ಕರುಳಿನ ಒಳಪದರದ ಪ್ರತಿಕಾಯಗಳು, ರೋಗ ತಗಲಿದ ಕೋಶಗಳನ್ನೇ ಕೊಲ್ಲುವ ಬಿಳಿ ರಕ್ತಕಣಗಳು, ಇವೆಲ್ಲ ಸೇರಿ ಕೆಲಸ ಮಾಡುತ್ತವೆ. ನಿಮ್ಮ ‘ಆ ಎರಡೇ ಸಾಕು’ ಎಂಬ ಮಾತು ರಕ್ಷಣೆಯ ಲೆಕ್ಕದಲ್ಲೂ ನಿಲ್ಲುವುದಿಲ್ಲ.

ಒಬ್ಬರು: ಹಾಗಾದರೆ ಬದಲಾಗುವುದಾದರೂ ಏಕೆ? ತಪ್ಪಿಸಿಕೊಳ್ಳುವ ಅಗತ್ಯವಿಲ್ಲದ ಕಳ್ಳ ವೇಷ ಬದಲಿಸುತ್ತ ಕೂರುತ್ತಾನೆಯೇ?

ಇನ್ನೊಬ್ಬರು: ವೈರಸ್ಸಿಗೆ ‘ಏಕೆ’ ಇಲ್ಲ, ‘ಹೇಗೆ’ ಇದೆ. ಬದಲಾವಣೆಯ ಮೊದಲ ದಾರಿ ನಕಲು ಮಾಡುವಾಗಿನ ತಪ್ಪು. ಆರ್‌ಎನ್‌ಎ ನಕಲಿಸುವ ಅದರ ಕಿಣ್ವಕ್ಕೆ ಬರೆದದ್ದನ್ನು ಮತ್ತೆ ಓದಿ ತಿದ್ದುವ ಅಭ್ಯಾಸವಿಲ್ಲ. ವಿಪಿ7 ಜೀನಿನ ಉದ್ದ 1,062 ಅಕ್ಷರ. ಜಿ9, ಜಿ12 ತಳಿಗಳನ್ನು ಅಳೆದವರು ವರ್ಷಕ್ಕೆ ಸಾವಿರ ಅಕ್ಷರಕ್ಕೆ ಒಂದೆರಡು ಬದಲಾಗುತ್ತವೆ ಎಂದಿದ್ದಾರೆ. ಅಂದರೆ ಆ ಜೀನಿನಲ್ಲಿ ವರ್ಷಕ್ಕೆ ಒಂದೋ ಎರಡೋ ಅಕ್ಷರ ಪಲ್ಲಟ. ಇದು ಸಣ್ಣ ಹೆಜ್ಜೆ. ದೊಡ್ಡ ಜಿಗಿತ ಇನ್ನೊಂದು ದಾರಿಯಲ್ಲಿದೆ. ಒಂದೇ ಮಗುವಿನ ಕರುಳಿನ ಒಂದೇ ಕೋಶಕ್ಕೆ ಎರಡು ಬೇರೆ ತಳಿಗಳು ಹೊಕ್ಕರೆ ಹೊರಬರುವ ಮರಿಗಳು ಹನ್ನೊಂದು ತುಂಡುಗಳನ್ನು ಇಬ್ಬರಿಂದಲೂ ಆಯ್ದುಕೊಂಡು ಬರಬಹುದು. ಎರಡರ ಹನ್ನೊಂದನೇ ಘಾತ 2,048. ಅಪ್ಪಟ ತಂದೆತಾಯಿಯರ ಎರಡು ರೂಪ ಬಿಟ್ಟರೆ 2,046 ಬಗೆಯ ಬೆರಕೆಗೆ ಅವಕಾಶ. ರೋಗ ಬಂದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಮೀರಿ ವೈರಸ್ ಕಣಗಳಿರಬಹುದು, ಇನ್ನೊಂದು ಮಗುವಿಗೆ ತಗಲಲು ನೂರರೊಳಗಿನ ಕಣ ಸಾಕು ಎಂದ ಮೇಲೆ ಅವಕಾಶಕ್ಕೆ ಕೊರತೆಯಿಲ್ಲ. ಆದರೂ ಲೋಕದಲ್ಲಿ ಆ ಎಲ್ಲ ಬೆರಕೆಗಳೂ ಕಾಣುವುದಿಲ್ಲ, ಮತ್ತೆ ಮತ್ತೆ ಅದೇ ಎರಡು ಹಿಮ್ಮೇಳ. ಬಹುಕಾಲ ಜೊತೆಯಾಗಿ ಆಡಿ ಪಳಗಿದ ಪ್ರೋಟೀನುಗಳು ಒಂದಕ್ಕೊಂದು ಹೊಂದುತ್ತವೆ, ಬಡಗಿನ ಚೆಂಡೆಗೆ ತೆಂಕಿನ ಹೆಜ್ಜೆ ಕೂಡುವುದು ಕಷ್ಟ. ನೀವು ಬಹಳ ಬದಲಾವಣೆ ಕಂಡು ಬೆರಗಾಗುತ್ತೀರಿ; ನನಗೆ ಬೆರಗು ತರುವುದು ಇಷ್ಟು ಅವಕಾಶವಿದ್ದೂ ಇಷ್ಟು ಕಡಿಮೆ ಬದಲಾಗಿದೆಯಲ್ಲ ಎಂಬುದು.

ಇನ್ನು ಮೂರನೆಯ ದಾರಿ ಕೊಟ್ಟಿಗೆಯಿಂದ ತೊಟ್ಟಿಲಿಗೆ. ಇದಕ್ಕೆ ಜಗತ್ತಿನಲ್ಲೇ ಒಳ್ಳೆಯ ಸಾಕ್ಷಿ ನಮ್ಮ ಬೆಂಗಳೂರಿನದು. 1980ರ ದಶಕದ ಕೊನೆಗೆ ಇಲ್ಲಿನ ಹೆರಿಗೆ ವಾರ್ಡುಗಳ ಹಸುಗೂಸುಗಳ ಮಲವನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ದುರ್ಗಾ ರಾವ್ ಅವರ ಬಳಗ ಪರೀಕ್ಷಿಸಿತು. ಮಕ್ಕಳಿಗೆ ಭೇದಿಯಿಲ್ಲ, ಆದರೆ ವೈರಸ್ಸಿದೆ. ಜೆಲ್ಲಿನ ಮೇಲೆ ಆರ್‌ಎನ್‌ಎ ಓಡಿಸಿದರೆ ಹನ್ನೊಂದು ಗೆರೆ ಮೂಡುತ್ತವೆ. ಮನುಷ್ಯರ ತಳಿಗಳಲ್ಲಿ ಗೆರೆಗಳ ‘ಉದ್ದ’ ವಿನ್ಯಾಸಕ್ಕೆ ಒಂದು ಉಪಗುಂಪು, ‘ಗಿಡ್ಡ’ ವಿನ್ಯಾಸಕ್ಕೆ ಇನ್ನೊಂದು ಎಂಬ ರೂಢಿಯಿತ್ತು. ಈ ತಳಿ ಆ ರೂಢಿ ಮುರಿದಿತ್ತು. ವಿನ್ಯಾಸ ಉದ್ದ, ಉಪಗುಂಪು ಗಿಡ್ಡದ್ದು. ಪ್ರಾಣಿಗಳ ತಳಿಗಳಲ್ಲಿ ಇದು ಸಾಮಾನ್ಯ. ಐ321 ಎಂದು ಕರೆದ ಆ ಜಿ10ಪಿ[11] ತಳಿಯ ಜೀನುಗಳನ್ನು ಓದಿದಾಗ ಹನ್ನೊಂದರಲ್ಲಿ ಒಂಬತ್ತು ದನದವು, ಎರಡು ಮಾತ್ರ ಮನುಷ್ಯರ ವೈರಸ್ಸಿನವು ಎಂದು ಗೊತ್ತಾಯಿತು. ಮುಂದೆ ಭೇದಿಯಾದ ಕರುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲೂ ಜಿ10 ಹೇರಳವಾಗಿತ್ತು. ದೆಹಲಿಯ ಏಮ್ಸ್‌ನಲ್ಲಿ 1985–86ರಲ್ಲಿ ಹಸುಗೂಸುಗಳಲ್ಲಿ ಸಿಕ್ಕ 116ಇ ಕೂಡ ಇದೇ ಜಾತಿಯ ಬೆರಕೆ, ಆದರೆ ಅದರಲ್ಲಿ ದನದ್ದು ಒಂದೇ ಜೀನು, ವಿಪಿ4. ಗಮನಿಸಿ, ಎರಡರಲ್ಲೂ ಅದು ಪಿ[11]. ಕಾರಣ ಬಹಳ ಕಾಲದ ನಂತರ ತಿಳಿಯಿತು. ವಿಪಿ4ರ ತುದಿ ಕರುಳಿನ ಕೋಶದ ಮೇಲಿರುವ ಸಕ್ಕರೆಯ ಸರಪಳಿಯನ್ನು ಹಿಡಿದುಕೊಳ್ಳುತ್ತದೆ. ಪಿ[8], ಪಿ[4] ಹಿಡಿಯುವುದು ಪೂರ್ತಿ ಕಟ್ಟಿ ಮುಗಿದ ಸರಪಳಿಯನ್ನು. ಆ ಕೊನೆಯ ಕೊಂಡಿ ಹಾಕುವ ಜೀನು ಕೆಟ್ಟಿರುವ ಮಕ್ಕಳಿಗೆ ಪಿ[8] ಅಷ್ಟಾಗಿ ತಗಲುವುದಿಲ್ಲ. ಪಿ[11] ಹಿಡಿಯುವುದು ಇನ್ನೂ ಅರೆಬರೆ ಕಟ್ಟಿದ ಸರಪಳಿಯನ್ನು. ಅದು ಹಸುಗೂಸಿನ ಕರುಳಲ್ಲಿದೆ, ದನದಲ್ಲೂ ಇದೆ, ಮಗು ಬೆಳೆದಂತೆ ಮಾಯವಾಗುತ್ತದೆ. ಹಾಗಾಗಿ ವೈರಸ್ಸು ಕೊಟ್ಟಿಗೆಯಿಂದ ತೊಟ್ಟಿಲಿಗೆ ದಾಟಿತು, ಅಂಗಳಕ್ಕೆ ಇಳಿಯಲಾಗಲಿಲ್ಲ. ಆಫ್ರಿಕದ ಹಲವು ಕಡೆ ಪಿ[6] ಹೆಚ್ಚಾಗಿರುವುದಕ್ಕೂ ಅಲ್ಲಿನ ಜನರ ಇಂಥದೇ ಸಕ್ಕರೆಯ ವ್ಯತ್ಯಾಸವನ್ನು ತೋರಿಸುತ್ತಾರೆ. ತಳಿಗಳ ಏರಿಳಿತವನ್ನು ಲಸಿಕೆಯ ಲೆಕ್ಕಕ್ಕೆ ಬರೆಯುವ ಮೊದಲು ಈ ಸಕ್ಕರೆಯ ಲೆಕ್ಕ ನೋಡಬೇಕು.

ಒಬ್ಬರು: ಬೆಂಗಳೂರಿನ ಮಾತು ಬಂತು, ಆಗಲಿ. ಈಗ ಬ್ರೆಜಿಲ್‌ಗೆ ಹೋಗೋಣ. 2006ರ ಮಾರ್ಚಿನಲ್ಲಿ ಅಲ್ಲಿ ಜಿ1ಪಿ[8] ಒಂದೇ ತಳಿಯ ರೋಟಾರಿಕ್ಸ್ ಲಸಿಕೆ ಶುರುವಾಯಿತು. ಮುಂದಿನ ಒಂದೆರಡು ವರ್ಷದಲ್ಲೇ ಜಿ1 ಹಿಂದೆ ಸರಿದು ಜಿ2ಪಿ[4] ಎಲ್ಲೆಡೆ ತುಂಬಿತು. ಜಿ2ಪಿ[4] ವೇಷದಲ್ಲೂ ಬೇರೆ, ನಿಮ್ಮ ಹಿಮ್ಮೇಳದಲ್ಲೂ ಬೇರೆ. ಕಳೆ ಕಿತ್ತ ಜಾಗದಲ್ಲಿ ಇನ್ನೊಂದು ಕಳೆ ಎದ್ದಂತಾಯಿತು. ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನೊಬ್ಬರು: ಬೇಕು. ಪಕ್ಕದ ಹೊಲವನ್ನೂ ನೋಡಬೇಕು. ಅದೇ ವರ್ಷಗಳಲ್ಲಿ ಲಸಿಕೆಯನ್ನೇ ಹಾಕದ ಪರಾಗ್ವೆ, ಅರ್ಜೆಂಟೀನಾಗಳಲ್ಲೂ ಜಿ2ಪಿ[4] ಏರಿತು. ಕಳೆ ಕೀಳದ ಹೊಲದಲ್ಲೂ ಅದೇ ಬೆಳೆದರೆ ಅದು ಆ ವರ್ಷದ ಮಳೆಯ ಗುಣ. ಲಸಿಕೆಗಳು ಬರುವುದಕ್ಕೆ ಮೊದಲೂ ತಳಿಗಳು ಹೀಗೆ ಸರದಿ ಹಾಕಿವೆ: ಜಿ9 ಅಮೆರಿಕದಲ್ಲಿ 1983ರಲ್ಲಿ ಕಾಣಿಸಿಕೊಂಡು ಮರೆಯಾಗಿ, 1990ರ ದಶಕದ ನಡುವೆ ಮತ್ತೆ ಎದ್ದು ಜಗತ್ತೆಲ್ಲ ಹಬ್ಬಿತು, ಜಿ12 ಫಿಲಿಪೈನ್ಸ್‌ನಲ್ಲಿ 1987ರಲ್ಲಿ ಸಿಕ್ಕು, ಹತ್ತು ವರ್ಷ ಸುಮ್ಮನಿದ್ದು, ಆಮೇಲೆ ಭಾರತವೂ ಸೇರಿದಂತೆ ಎಲ್ಲೆಡೆ ಬಂತು. ಆಗ ಯಾವ ಲಸಿಕೆಯ ಒತ್ತಡವಿತ್ತು? ಹಾಗೆಂದು ನಿಮ್ಮ ವಾದದಲ್ಲಿ ಹುರುಳೇ ಇಲ್ಲ ಎನ್ನಲಾರೆ. ಆಸ್ಟ್ರೇಲಿಯಾದಲ್ಲಿ 2007ರಿಂದ ಕೆಲವು ರಾಜ್ಯಗಳು ರೋಟಾರಿಕ್ಸ್ ಹಾಕಿದವು, ಕೆಲವು ಐದು ಬಗೆಯ ರೋಟಾಟೆಕ್ ಹಾಕಿದವು. ಒಂದೇ ದೇಶ, ಎರಡು ಲಸಿಕೆ. ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ಯಾರೂ ಬೇಕೆಂದು ಮಾಡಲಾರರು. ರೋಟಾರಿಕ್ಸ್ ರಾಜ್ಯಗಳಲ್ಲಿ ಜಿ2ಪಿ[4] ಹೆಚ್ಚು ಕಂಡಿತು, ರೋಟಾಟೆಕ್ ರಾಜ್ಯಗಳಲ್ಲಿ ಜಿ12ಪಿ[8]. ಅಂದರೆ ಲಸಿಕೆ ಉಳಿದ ಸೋಂಕುಗಳ ಪಾಲನ್ನು ಒಂದಿಷ್ಟು ಆಚೀಚೆ ಮಾಡುತ್ತದೆ. ಒಂದೇ ತಳಿಯ ಲಸಿಕೆಯ ರಕ್ಷಣೆ ಜಿ2ಪಿ[4] ಮೇಲೆ ತುಸು ತೆಳುವಾಗಿದ್ದ ಉದಾಹರಣೆಗಳೂ ಇವೆ. ಒಪ್ಪಿದೆ. ಆದರೆ ಪಾಲು ಬೇರೆ, ಮೊತ್ತ ಬೇರೆ. ನೂರು ಮಂದಿ ಬರುತ್ತಿದ್ದ ಕಡೆ ಈಗ ಇಪ್ಪತ್ತು ಮಂದಿ ಬಂದು, ಅವರಲ್ಲಿ ಹನ್ನೆರಡು ಮಂದಿ ಜಿ2 ಆದರೆ ವರದಿಯಲ್ಲಿ ‘ಜಿ2 ಶೇಕಡಾ ಅರವತ್ತಕ್ಕೆ ಏರಿಕೆ’ ಎಂದು ಅಚ್ಚಾಗುತ್ತದೆ. ಶೇಕಡಾವಾರಿನ ಈ ಚಮತ್ಕಾರಕ್ಕೆ ಎಷ್ಟು ಜನ ಬುದ್ಧಿವಂತರು ಬಿದ್ದಿದ್ದಾರೋ! ಬ್ರೆಜಿಲ್‌ನಲ್ಲೂ ಆಸ್ಟ್ರೇಲಿಯಾದಲ್ಲೂ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಇಳಿದದ್ದು ಇಳಿದೇ ಇದೆ.

ಒಬ್ಬರು: ಮಲಾವಿಯನ್ನು ಬಿಟ್ಟುಬಿಟ್ಟಿರಲ್ಲ. ಅದೇ ರೋಟಾರಿಕ್ಸ್ ಯುರೋಪಿನಲ್ಲಿ ತೀವ್ರ ಭೇದಿಯನ್ನು ನೂರಕ್ಕೆ 96ರಷ್ಟು ತಡೆದರೆ, ದಕ್ಷಿಣ ಆಫ್ರಿಕದಲ್ಲಿ 77, ಮಲಾವಿಯಲ್ಲಿ 49. ಮಲಾವಿಯಲ್ಲಿ ಜಿ1 ಕಡಿಮೆ, ಜಿ8, ಜಿ12 ಮುಂತಾದ ಬೇರೆ ಬೇರೆ ತಳಿಗಳು ಹೆಚ್ಚು. ತಳಿಯ ವೈವಿಧ್ಯ ಏರಿದಂತೆ ರಕ್ಷಣೆ ಇಳಿದಿದೆ. ಇದನ್ನೇನನ್ನುತ್ತೀರಿ?

ಇನ್ನೊಬ್ಬರು: ನಿಮ್ಮ ಆಕ್ಷೇಪಗಳಲ್ಲಿ ಇದೇ ಗಟ್ಟಿಯಾದದ್ದು. ಎರಡು ಸಂಗತಿ ಒಟ್ಟಿಗೆ ಬಂದವೆಂದು ಒಂದು ಇನ್ನೊಂದರ ಕಾರಣವಾಗುವುದಿಲ್ಲ ಎಂದು ಹೇಳಿ ಜಾರಿಕೊಳ್ಳಬಹುದಿತ್ತು, ಆದರೆ ಪರೀಕ್ಷಿಸಿ ನೋಡಲು ದಾರಿಯಿದೆ. ರಕ್ಷಣೆ ಇಳಿಯಲು ತಳಿಯೇ ಕಾರಣವಾಗಿದ್ದರೆ, ಆಫ್ರಿಕದಲ್ಲೂ ಜಿ1 ಮೇಲಿನ ರಕ್ಷಣೆ ಯುರೋಪಿನಷ್ಟೇ ಎತ್ತರದಲ್ಲಿರಬೇಕು, ಉಳಿದವುಗಳ ಮೇಲಿನದು ನೆಲಕಚ್ಚಬೇಕು. ಎರಡೂ ಆಫ್ರಿಕನ್ ದೇಶಗಳ ಲೆಕ್ಕ ಸೇರಿಸಿ ನೋಡಿದಾಗ ಹಾಗಾಗಿರಲಿಲ್ಲ. ಜಿ1 ಮೇಲೂ ಜಿ1 ಅಲ್ಲದವುಗಳ ಮೇಲೂ ರಕ್ಷಣೆ ನೂರಕ್ಕೆ ಅರವತ್ತರ ಆಸುಪಾಸಿನಲ್ಲೇ ಇತ್ತು. ಎಲ್ಲದರ ಮೇಲೂ ಒಟ್ಟಿಗೆ ಇಳಿದದ್ದು. ಬಡ ದೇಶದಲ್ಲಿ ಇಳಿದದ್ದಕ್ಕೆ ಕಾರಣ ವೈರಸ್ಸಿನಲ್ಲಿಲ್ಲ, ಲಸಿಕೆ ಬಿದ್ದ ಹೊಟ್ಟೆಯಲ್ಲಿದೆ. ತಾಯಿಗೆ ಈ ಸೋಂಕು ಮತ್ತೆ ಮತ್ತೆ ತಗಲಿರುವುದರಿಂದ ಗರ್ಭದಲ್ಲೇ ಮಗುವಿಗೆ ದಾಟಿದ ಪ್ರತಿಕಾಯಗಳು ಜೀವಂತ ಲಸಿಕೆಯನ್ನು ಬೆಳೆಯಗೊಡುವುದಿಲ್ಲ. ಜೊತೆಗೆ ಹಾಕುವ ಪೋಲಿಯೊ ಹನಿ ಅದೇ ಕರುಳಲ್ಲಿ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಕೊಳಕು ನೀರು, ಸದಾ ಉರಿಯುತ್ತಿರುವ ಕರುಳು, ಅಪೌಷ್ಟಿಕತೆ, ಒಳಗಿನ ಬ್ಯಾಕ್ಟೀರಿಯಾಗಳ ಬೇರೆಯದೇ ಬಳಗ. ವೆಲ್ಲೂರಿನ ಆ ಮಕ್ಕಳನ್ನು ನೆನೆಯಿರಿ: ಅವರಿಗೆ ಲಸಿಕೆಯಲ್ಲ, ನಿಜವಾದ ರೋಗವೇ ಮೂರು ಸಲ ಬಂದರೂ ರಕ್ಷಣೆ ಪೂರ್ತಿಯಾಗಲಿಲ್ಲ. ಪ್ರಕೃತಿಯ ಕೈಲೂ ಆಗದ್ದನ್ನು ಐದು ಹನಿ ಮಾಡಲಿಲ್ಲವೆಂದು ತಳಿಯ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಈ ತಪ್ಪು ಓದಿನಿಂದ ನಷ್ಟವೂ ಇದೆ. ‘ಹೊಸ ತಳಿಗೆ ಹೊಸ ಲಸಿಕೆ’ ಎಂದು ಹಣ ಹರಿಯುತ್ತದೆ, ಕುಡಿಯುವ ನೀರಿನ ಪೈಪು ಒಡೆದೇ ಇರುತ್ತದೆ.

ಒಬ್ಬರು: ನೀವೇ ಹೇಳಿದಿರಿ, ಹಸುಗೂಸುಗಳ ತಳಿ ಒಳ್ಳೆಯ ಲಸಿಕೆಯಾಯಿತು ಎಂದು. ಆದರೆ ದೆಹಲಿಯಲ್ಲಿ 116ಇ ತಗಲಿದ ಹಸುಗೂಸುಗಳಿಗೆ ಮುಂದೆ ರಕ್ಷಣೆ ಸಿಕ್ಕಿತು. ವೆಲ್ಲೂರಿನಲ್ಲಿ ಜಿ10ಪಿ[11] ತಗಲಿದ ಹಸುಗೂಸುಗಳಿಗೆ ಸಿಗಲಿಲ್ಲ. ಬೆಂಗಳೂರಿನ ಐ321 ಕೂಡ ಲಸಿಕೆಯ ಪರೀಕ್ಷೆಯಲ್ಲಿ 116ಇ ಎದುರು ಹಿಂದೆ ಬಿತ್ತು. ಪಿ[11] ಎರಡರಲ್ಲೂ ಒಂದೇ. ಹಾಗಾದರೆ ತಳಿಯ ವ್ಯತ್ಯಾಸ ಮುಖ್ಯವೇ ಆಯಿತಲ್ಲ?

ಇನ್ನೊಬ್ಬರು: ಮುಖ್ಯವಲ್ಲ ಎಂದು ನಾನು ಹೇಳಿದ್ದೇ ಇಲ್ಲ. ಎರಡು ಅಕ್ಷರದ ಹೆಸರಿನಿಂದ ಆ ವ್ಯತ್ಯಾಸ ತಿಳಿಯುವುದಿಲ್ಲ ಎಂದೆ. ನೀವು ಕೊಟ್ಟ ಉದಾಹರಣೆ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. 116ಇ ಹಿಮ್ಮೇಳದಲ್ಲಿ ಮನುಷ್ಯರದು, ಐ321 ಬಹುಪಾಲು ದನದ್ದು. ದನದ ವೈರಸ್ಸು ಮನುಷ್ಯರ ಕರುಳಲ್ಲಿ ಅಷ್ಟಾಗಿ ಬೆಳೆಯುವುದಿಲ್ಲ. ಲಸಿಕೆ ಮಾಡುವವರು ಇದೇ ಗುಣವನ್ನು ಬೇಕೆಂದೇ ಬಳಸಿದ್ದೂ ಉಂಟು: ರೋಟಾಟೆಕ್, ನಮ್ಮ ಸೀರಂ ಸಂಸ್ಥೆಯ ರೋಟಾಸಿಲ್ ಎರಡೂ ದನದ ವೈರಸ್ಸಿಗೆ ಮನುಷ್ಯರ ತಳಿಗಳ ಹೊರಮೈ ತೊಡಿಸಿ ಮಾಡಿದವು. ಯಾವ ಬೆರಕೆಯನ್ನು ನೀವು ಕಳ್ಳತನ ಎಂದಿರೋ ಅದೇ ಪ್ರಯೋಗಾಲಯದಲ್ಲಿ ಮದ್ದಾಯಿತು.

ಒಬ್ಬರು: ಕೊನೆಯದಾಗಿ ಕೇಳುತ್ತೇನೆ. ತಳಿ ಬದಲಾದರೂ ಲಸಿಕೆ ಹೇಗೋ ನಡೆಯುತ್ತದೆ ಎಂದಾದರೆ ಇಷ್ಟೊಂದು ಖರ್ಚು ಮಾಡಿ ತಳಿಗಳ ಜಾತಕ ಬರೆಯುವುದೇಕೆ? ಆ ಹಣವನ್ನೂ ನೀರಿನ ಪೈಪಿಗೇ ಹಾಕಿ.

ಇನ್ನೊಬ್ಬರು: ಪೈಪಿಗೆ ಬೇಕಾದ ಹಣದ ಮುಂದೆ ಇದು ಚಿಲ್ಲರೆ. ಅದಿರಲಿ, ಬರೆಯುವುದಾದರೆ ಪೂರ್ತಿ ಬರೆಯಬೇಕು ಎಂಬುದು ನನ್ನ ತಕರಾರು. ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಒಂದು ಜಿ3ಪಿ[8] ಕಾಣಿಸಿಕೊಂಡಿತು. ಜಿ3ಪಿ[8] ಹಳೆಯ ಹೆಸರು, ಯಾರೂ ಹುಬ್ಬೇರಿಸಬೇಕಾಗಿರಲಿಲ್ಲ. ಹನ್ನೊಂದೂ ತುಂಡು ಓದಿದವರಿಗೆ ಮಾತ್ರ ಗೊತ್ತಾಯಿತು: ಅದರ ವಿಪಿ7 ಕುದುರೆಗಳ ವೈರಸ್ಸಿಗೆ ಹತ್ತಿರದ್ದು, ಹಿಮ್ಮೇಳ ಡಬ್ಲ್ಯುಎ ಬಗೆಯದಾಗಿರುವ ಬದಲು ಡಿಎಸ್-1 ಬಗೆಯದು. ಹೆಸರು ಅದೇ, ಒಳಗಿನ ವೈರಸ್ಸು ಬೇರೆ. ಕೆಲವೇ ವರ್ಷಗಳಲ್ಲಿ ಅದು ಜಪಾನ್, ಥಾಯ್ಲೆಂಡ್, ಸ್ಪೇನ್, ಹಂಗೆರಿಗಳಲ್ಲೂ ಸಿಕ್ಕಿತು. ಜಪಾನಿನಲ್ಲಿ ಅದಕ್ಕೂ ಮೊದಲು, 2012ರಲ್ಲಿ, ಜಿ1ಪಿ[8] ಕೂಡ ಇದೇ ರೀತಿ ಹಿಮ್ಮೇಳ ಬದಲಿಸಿಕೊಂಡು ಬಂದಿತ್ತು. ಕೂಡದ ಹೆಜ್ಜೆಗಳು ಕೂಡಲು ಕಲಿಯುತ್ತಿವೆ ಎಂದರ್ಥ. ಇಂದು ಲಸಿಕೆಗೆ ಇದರಿಂದ ತೊಂದರೆಯಾಗಿಲ್ಲ, ನಾಳೆ ಆಗುವುದೇ ಇಲ್ಲವೆಂದು ನಾನು ಬರೆದುಕೊಡಲಾರೆ. ಆದರೆ ಆಗುವುದಿದ್ದರೆ ಅದರ ಮೊದಲ ಸುಳಿವು ಜಿ, ಪಿಗಳ ಪಟ್ಟಿಯಲ್ಲಿ ಸಿಗಲಿಕ್ಕಿಲ್ಲ ಎಂದು ಬರೆದುಕೊಡಬಲ್ಲೆ. ಅಲ್ಲಿಯವರೆಗೆ ಅಂಕಿಗಳು ಹೇಳುವುದು ಸ್ಪಷ್ಟವಾಗಿದೆ. ನಮ್ಮಲ್ಲಿ 2016ರಲ್ಲಿ ಆಂಧ್ರ, ಹರಿಯಾಣ, ಹಿಮಾಚಲ, ಒಡಿಶಾಗಳಲ್ಲಿ ಶುರುವಾದ ಲಸಿಕೆ 2019ರ ವೇಳೆಗೆ ಕರ್ನಾಟಕವೂ ಸೇರಿ ದೇಶಕ್ಕೆಲ್ಲ ಹಬ್ಬಿತು. ಒಂಬತ್ತು ರಾಜ್ಯಗಳ ಆಸ್ಪತ್ರೆಗಳಲ್ಲಿ 2020ರವರೆಗೆ ನೋಡಿದಾಗ, ಭೇದಿಗೆ ದಾಖಲಾಗುವ ಮಕ್ಕಳಲ್ಲಿ ರೋಟಾವೈರಸ್ಸಿನ ಪಾಲು ನೂರಕ್ಕೆ ನಲವತ್ತರಿಂದ ಇಪ್ಪತ್ತರ ಹತ್ತಿರಕ್ಕೆ ಇಳಿದಿತ್ತು, ಲಸಿಕೆಯ ರಕ್ಷಣೆ 54ರ ಸುಮಾರು. ಪರೀಕ್ಷೆಯಲ್ಲಿ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ, ನಡುವೆ ತಳಿಗಳು ಬದಲಾಗಿದ್ದವು. ಆದ್ದರಿಂದ ‘ಹಲ್ಲು ಬರುವಾಗ ಭೇದಿ ಇದ್ದದ್ದೇ’ ಎಂದು ಮನೆಯಲ್ಲಿ ಯಾರಾದರೂ ಸುಮ್ಮನಾಗಿಸಿದರೆ ಕೇಳಬೇಡಿ. ಆರು, ಹತ್ತು, ಹದಿನಾಲ್ಕನೇ ವಾರದ ಹನಿ ತಾಯಿ ಕಾರ್ಡಿನಲ್ಲಿ ಬಿದ್ದಿದೆಯೇ ನೋಡಿ, ಭೇದಿ ಶುರುವಾದರೆ ಓಆರ್‌ಎಸ್ ಕುಡಿಸಿ. ಮತ್ತೆ, ಮುಂದಿನ ವರ್ಷದ ವರದಿ ಕೈಗೆ ಬಂದು ಅದರಲ್ಲಿ ‘ಹೊಸ ತಳಿ’ ಎಂದು ಎರಡು ಅಕ್ಷರ ಕಂಡರೆ, ಉಳಿದ ಒಂಬತ್ತು ಯಾವುವು ಎಂದು ಬರೆದವರನ್ನೇ ಕೇಳಿ.